ಆಂಪ್ ಇಲ್ಲದೇ ಸ್ಟೇಜ್ ಹತ್ತೋದು ಹ್ಯಾಂಗ?

ಹುಮನಾಬಾದದ ವೀರಭದ್ರೇಶ್ವರ ಜಾತ್ರಿ ಇರಲಿ, ರಾಜೇಶ್ವರದಾಗ ಮದುವಿ ಆರ್ಕೆಸ್ಟ್ರಾ ಇರಲಿ, ಗಿಟಾರ್ ಆಂಪ್ ಹೊತ್ತು ತಿರುಗೂದು ಈಗ ಬೇಕಾಗಿಲ್ಲ. ಆಂಪ್, ಸ್ಪೀಕರ್ ದನಿ ನಕಲು ಮಾಡೋ ಒಂದು ಮಾಡೆಲರ್, ಅಲ್ಲಿಂದ ಸೀದಾ ಮಿಕ್ಸರ್.

ಮಾಡೆಲರ್‌ದಾಗ ಕ್ಯಾಬಿನೆಟ್ ಸಿಮ್ಯುಲೇಷನ್ (ಸ್ಪೀಕರ್ ಡಬ್ಬಿಯ ನಕಲು) ಆನ್ ಇಡ್ರಿ. ಇಲ್ಲಂದ್ರ ಡಿಸ್ಟಾರ್ಷನ್ ಒತ್ತಿದ ಕೂಡ್ಲೇ ಜೇನುಹುಳ ಎದ್ದಂಗ ಕೇಳಸ್ತದ. ಮಿಕ್ಸರ್‌ದಾಗ ಗಿಟಾರ್ ಚಾನೆಲ್‌ಗೆ 48 ವೋಲ್ಟ್ ಫ್ಯಾಂಟಮ್ ಪವರ್ ಬಂದ್ ಇಡ್ರಿ.

ಮನ್ಯಾಗ ಸಣ್ಣ ದನಿಯೊಳಗ ಮಾಡಿದ ಟೋನ್ ಸ್ಟೇಜಿನ ಮ್ಯಾಲೆ ಯಾಕ ಕೆಡ್ತದ? ಮಷೀನ್ ತಪ್ಪಲ್ಲ, ಕಿವಿಯ ಗುಣ. ವಾಲ್ಯೂಮ್ ಏರಿದಂಗ ಬೇಸ್, ಟ್ರೆಬಲ್ ಎರಡೂ ಮುಂದ ಬರ್ತಾವ. ಸುಮಾರು 100 ಹರ್ಟ್ಸ್ ಕೆಳಗಿಂದು, 7,000 ಹರ್ಟ್ಸ್ ಮ್ಯಾಲಿಂದು ಕತ್ತರಿಸ್ರಿ. ಮಿಡ್ ಕಡಿಮಿ ಮಾಡಬ್ಯಾಡ್ರಿ. ಕೀಬೋರ್ಡ್ ಗದ್ದಲದಾಗ ಗಿಟಾರ್ ಉಳಿಯೋದೇ ಅದರಿಂದ.

ಇನ್ನು ಮಾನಿಟರ್. ಸ್ಪೀಕರ್ 3 ಮೀಟರ್ ದೂರ ಇದ್ರ ದನಿ ಸುಮಾರು 9 ಮಿಲಿಸೆಕೆಂಡ್ ತಡ. ಇನ್-ಇಯರ್‌ದಾಗ ಆ ತಡ ಇಲ್ಲ. ಆದ್ರ ಎರಡೂ ಕಿವಿಗೆ ಹಾಕ್ರಿ. ಒಂದು ತಗದ್ರ ಇನ್ನೊಂದರ ವಾಲ್ಯೂಮ್ ಏರಸ್ತೀರಿ, ಕಿವಿಗೆ ಪೆಟ್ಟು.

ಜನರೇಟರ್ ಕರೆಂಟಿಗೆ ಹಮ್ ಬಂತಾ? ಮಾಡೆಲರ್, ಮಿಕ್ಸರ್ ನಡುವ ಡಿಐ ಬಾಕ್ಸ್ ಇದ್ರ ಅದರ ಗ್ರೌಂಡ್ ಲಿಫ್ಟ್ ಒತ್ತಿ ನೋಡ್ರಿ. ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಕೀಳಬ್ಯಾಡ್ರಿ. ಕೈಯಾಗ ಲೋಹದ ತಂತಿ, ತುಟಿ ಮುಂದ ಮೈಕ್ ಇರ್ತದ, ಶಾಕ್ ಹೊಡೀಬಹುದು.