ಕಿಳ್ಳೇಕ್ಯಾತನ ಸಂಸಾರ

ನಾಲವಾರದ ನಮ್ಮ ಅಕ್ಕನ ಮನೆಯಲ್ಲಿ ಸಂಜೆ ಆರಾಯಿತೆಂದರೆ ಟಿ.ವಿ. ಮಕ್ಕಳ ಪಾಲು. ಹಗಲೆಲ್ಲ ಕಾದ ಊರಿನಲ್ಲಿ ಶಹಾಬಾದ್ ಹಾಸುಗಲ್ಲಿನ ನೆಲವೊಂದೇ ತಂಪು. ಅದರ ಮೇಲೆ ಮೂವರೂ ಬೋರಲು ಮಲಗಿ ಕನ್ನಡಕ್ಕೆ ಡಬ್ ಆದ ಕಾರ್ಟೂನ್ ನೋಡುತ್ತಾರೆ. ಹೋದ ಬೇಸಿಗೆಯಲ್ಲಿ ನಾನೂ ಜೊತೆಗೆ ಕೂತೆ. ಗಂಡ ಏನೋ ಎಡವಟ್ಟು ಮಾಡಿಕೊಂಡು ಬರುತ್ತಾನೆ, ಹೆಂಡತಿ ಜಾಡಿಸುತ್ತಾಳೆ, ಮಕ್ಕಳು ಬಿದ್ದು ಬಿದ್ದು ನಗುತ್ತವೆ. ಮೂಲೆಯಲ್ಲಿ ಕೌದಿ ಹೊಲಿಯುತ್ತಿದ್ದ ಅಕ್ಕನ ಅತ್ತೆ ತಲೆ ಎತ್ತಿ, "ಇದೇನ್ ಹೊಸಾದಲ್ಲ ಬಿಡ್ರಿ. ನಮ್ಮ ಕ್ಯಾತ, ಬಂಗಾರಕ್ಕ ಹಿಂಗೇ ಜಗಳಾಡ್ತಿದ್ರು" ಎಂದರು.

"ಯಾವ ಚಾನಲ್‌ದಾಗ, ಆಯಿ?" ಎಂದಿತು ಸಣ್ಣದು.

"ಚಾನಲ್ ಎಲ್ಲೀದು! ಗುಡಿ ಮುಂದ, ಧೋತರದ ಮ್ಯಾಲ."

ಆ ಮಗುವಿಗೆ ಅವತ್ತು ಯಾರೂ ಪೂರ್ತಿ ಉತ್ತರ ಕೊಡಲಿಲ್ಲ. ಈ ಬರಹ ಅದಕ್ಕಾಗಿ. ಕಾರ್ಟೂನ್ ಸಂಸಾರವೊಂದರಿಂದಲೇ ಶುರುಮಾಡುತ್ತೇನೆ.

ಅಮೆರಿಕದಲ್ಲಿ 'ದಿ ಸಿಂಪ್ಸನ್ಸ್' ಎಂಬ ಕಾರ್ಟೂನ್ ಧಾರಾವಾಹಿ ಇದೆ. ಮ್ಯಾಟ್ ಗ್ರೇನಿಂಗ್ ಎಂಬ ವ್ಯಂಗ್ಯಚಿತ್ರಕಾರ ಸೃಷ್ಟಿಸಿದ ಅಪ್ಪ, ಅಮ್ಮ, ಮೂರು ಮಕ್ಕಳ ಹಳದಿ ಬಣ್ಣದ ಕುಟುಂಬ. 1987ರಲ್ಲಿ ಬೇರೊಂದು ಕಾರ್ಯಕ್ರಮದ ನಡುವಿನ ತುಣುಕಾಗಿ ಹುಟ್ಟಿ, 1989ರ ಡಿಸೆಂಬರ್ 17ರಂದು ಸ್ವತಂತ್ರ ಧಾರಾವಾಹಿಯಾಯಿತು. ಮೊದಲ ಸೀಸನ್ನಿಗೆ ಇದ್ದದ್ದು 13 ಕಂತು. ಇವತ್ತಿಗೂ ನಿಂತಿಲ್ಲ. ಮೂರೂವರೆ ದಶಕ ಕಳೆದರೂ ಆ ಮಕ್ಕಳು ಬೆಳೆದಿಲ್ಲ, ಅಪ್ಪನಿಗೆ ಬುದ್ಧಿ ಬಂದಿಲ್ಲ. ಮೊದಲ ಹತ್ತು ಹನ್ನೆರಡು ವರ್ಷ ಅದನ್ನು ಮಾಡುತ್ತಿದ್ದದ್ದು ಪಾರದರ್ಶಕ ಹಾಳೆಯ ಮೇಲೆ ಕೈಯಿಂದ ಬಣ್ಣ ತುಂಬಿ. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಬೆಳಕು ಹಾಯುವ ಹಾಳೆಯ ಮೇಲೆ ಬಣ್ಣದ ಸಂಸಾರವೊಂದನ್ನು ಬರೆದು, ಕುಣಿಸಿ, ಊರನ್ನೆಲ್ಲ ನಗಿಸುವ ಕೆಲಸವನ್ನು ನಮ್ಮ ತೊಗಲು ಗೊಂಬೆಯವರು ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದಾರೆ. ಅವರ ಹಾಳೆ ಆಡಿನ ಚರ್ಮ, ಅಷ್ಟೇ.

ತೊಗಲು ಗೊಂಬೆಯಾಟ ಎಂದರೆ ರಾಮಾಯಣ, ಮಹಾಭಾರತ ಎಂದೇ ಪುಸ್ತಕಗಳು ಶುರುಮಾಡುತ್ತವೆ. ಸರಿ, ಕಥೆ ಅವೇ. ಆದರೆ ಆ ಅಜ್ಜಿಗೆ ನೆನಪಿದ್ದವರು ರಾಮನೂ ಅಲ್ಲ, ರಾವಣನೂ ಅಲ್ಲ. ಗಣಪತಿ, ಸರಸ್ವತಿಯರ ಪ್ರಾರ್ಥನೆ ಮುಗಿಯುತ್ತಲೇ ಪರದೆಗೆ ನುಗ್ಗುವ ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ. ಅವನು ಕಪ್ಪು ಮೈಯವನು, ಡೊಳ್ಳುಹೊಟ್ಟೆಯವನು. ಅವಳು ಮಾತಿನಲ್ಲಿ ಅವನಿಗಿಂತ ಒಂದು ಕೈ ಮೇಲು. ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಅವಳು ಕೇಳಿದರೆ ಅವನು ಸುಳ್ಳಿನ ಮೇಲೆ ಸುಳ್ಳು ಪೇರಿಸುತ್ತಾನೆ. ಜೋಳದ ಹಿಟ್ಟು ತೀರಿದ್ದು, ಸಾಲಗಾರ ಬಾಗಿಲಿಗೆ ಬಂದದ್ದು, ಊರಿನ ಜಿಪುಣನ ಲೆಕ್ಕಾಚಾರ ಎಲ್ಲವೂ ಆ ಜಗಳದಲ್ಲಿ ಬರುತ್ತದೆ. ಮಾತು ಹಸಿಯಾಗಿಯೇ ಇರುತ್ತಿತ್ತು, ಅದನ್ನು ಮುಚ್ಚಿಡುವುದೇನಿಲ್ಲ. ಆಮೇಲೆ ರಾತ್ರಿಯಿಡೀ ಕಥೆ ಯಾವ ವನವಾಸಕ್ಕೆ ಹೋದರೂ, ಯಾವ ಯುದ್ಧ ನಡೆದರೂ ಈ ದಂಪತಿ ನಡುನಡುವೆ ಬಂದು ಹೋಗುತ್ತಾರೆ. ದೇವತೆಗಳ ಕಥೆಯನ್ನು ನಮ್ಮ ಓಣಿಗೆ ಇಳಿಸುವವರು ಇವರೇ. ಇವರಿಲ್ಲದಿದ್ದರೆ ನಡುರಾತ್ರಿಗೆಲ್ಲ ಊರು ಮಲಗಿಬಿಡುತ್ತಿತ್ತು. ನನ್ನ ಲೆಕ್ಕದಲ್ಲಿ ಈ ಕಲೆಯ ಜೀವ ಇರುವುದು ಈ ಗಂಡ ಹೆಂಡಿರಲ್ಲಿ. ನೆರೆಯ ಆಂಧ್ರದ ತೋಲು ಬೊಮ್ಮಲಾಟದಲ್ಲಿಯೂ ಬಂಗಾರಕ್ಕ ಇದ್ದಾಳೆ. ಗಡಿ ದಾಟಿದರೂ ಅವಳ ಬಾಯಿ ಕಡಿಮೆಯಾಗಿಲ್ಲ.

ಆಟಗಾರರ ಸಮುದಾಯಕ್ಕೂ ಕ್ಯಾತನದೇ ಹೆಸರು: ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು. ಉತ್ತರ ಕರ್ನಾಟಕದ ಕೆಲವೆಡೆ ಕಟಬರು ಎನ್ನುತ್ತಾರೆ. ಮನೆಯೊಳಗೆ ಮರಾಠಿ ಬೇರಿನ ಮಾತು, ಪರದೆಯ ಮೇಲೆ ಅಚ್ಚ ಕನ್ನಡ.

ಒಮ್ಮೆ ಕ್ಯಾತನ ಗೊಂಬೆಯೊಂದನ್ನು ಕೈಯಲ್ಲಿ ಹಿಡಿದು ನೋಡುವ ಭಾಗ್ಯ ನನ್ನದಾಗಿತ್ತು. ಹಪ್ಪಳದಷ್ಟು ಹಗುರ, ಅಂಚು ಮಾತ್ರ ಗಡುಸು. ಕೈಯಲ್ಲಿದ್ದಾಗ ಮಂಕು ಕಂದು ಬಣ್ಣ. ಕಿಟಕಿಯ ಬೆಳಕಿಗೆ ಎತ್ತಿದರೆ ಕೆಂಪು ಕೆಂಪಾಗಿ, ಹಸಿರು ಹಸಿರಾಗಿ ಹೊತ್ತಿಕೊಂಡಿತು. ಸೊಂಟದ ಪಟ್ಟಿಯ ಮೇಲೆ ಸಾಸಿವೆ ಗಾತ್ರದ ತೂತುಗಳು. ಅವೇ ಪರದೆಯ ಮೇಲೆ ಒಡವೆಯ ಮಿಂಚಾಗುತ್ತವೆ.

ಮಾಡುವುದು ತಾಳ್ಮೆಯ ಕೆಲಸ. ಚರ್ಮವನ್ನು ನೆನೆಹಾಕಿ, ಕೂದಲು ಹೆರೆದು, ಬಿಗಿಯಾಗಿ ಎಳೆದು ಕಟ್ಟಿ ಒಣಗಿಸಬೇಕು. ಬೆಳಕು ಹಾಯುವಷ್ಟು ತೆಳುವಾದ ಮೇಲೆ ಗೆರೆ ಬರೆದು, ಉಳಿಯಿಂದ ಕೊರೆದು, ಎರಡೂ ಮಗ್ಗುಲಿಗೆ ಬಣ್ಣ ತುಂಬಬೇಕು. ಆಮೇಲೆ ಸೀಳಿದ ಬಿದಿರಿನ ಕಡ್ಡಿಗೆ ಬಿಗಿಯುತ್ತಾರೆ. ಹಿಂದೆ ಜಿಂಕೆಯ ಚರ್ಮವೂ ಬಳಕೆಯಲ್ಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆಡಿನದೇ ಗತಿ. ಗಾತ್ರದಲ್ಲಿಯೂ ಒಂದು ಪದ್ಧತಿ ಇದೆ. ದೇವರು, ರಾಜರು ದೊಡ್ಡವರು. ಆಳುಕಾಳು, ಸಾಮಾನ್ಯ ಜನ ಚಿಕ್ಕವರು. ಎಷ್ಟೋ ಗೊಂಬೆಗಳಿಗೆ ಕೀಲೇ ಇಲ್ಲ, ಇಡೀ ದೃಶ್ಯವೇ ಒಂದು ತೊಗಲಿನಲ್ಲಿ ಕೊರೆದದ್ದು. ಕ್ಯಾತನಿಗೆ ಮಾತ್ರ ಕೈಕಾಲನ್ನು ಬೇರೆ ಬೇರೆ ಕತ್ತರಿಸಿ ದಾರದ ಗಂಟಿನಿಂದ ಕೂಡಿಸಿರುತ್ತಾರೆ. ರಾಜ ಗಂಭೀರವಾಗಿ ನಿಂತಿರಬಹುದು, ಕ್ಯಾತ ಕುಣಿಯಲೇಬೇಕು.

ಸುತ್ತ ಕಂಬಳಿ, ಮುಂದೆ ಬಿಳಿ ಧೋತರ, ಹಿಂದೆ ಹರಳೆಣ್ಣೆಯ ದೀಪ. ದೀಪದ ಜಾಗಕ್ಕೆ ಆಮೇಲೆ ಪೆಟ್ರೋಮ್ಯಾಕ್ಸ್ ಬಂತು, ಈಗ ಬಲ್ಬು. ಎಣ್ಣೆ ದೀಪದ ಕುಡಿ ಅಲುಗಿದಾಗ ಗೊಂಬೆ ಉಸಿರಾಡಿದ ಹಾಗೆ ಕಾಣುತ್ತಿತ್ತು ಎಂದು ನೋಡಿದವರು ಹೇಳುತ್ತಾರೆ. ಬಲ್ಬಿಗೆ ಆ ಗುಣವಿಲ್ಲ. ಪರದೆಯ ಹಿಂದಿರುವ ಮೇಳವೂ ಒಂದು ಮನೆಯೇ. ಗಂಡ ಗೊಂಬೆ ಆಡಿಸಿದರೆ ಹೆಂಡತಿ ಹಾಡುತ್ತಾಳೆ, ಹೆಣ್ಣು ಗೊಂಬೆಗಳಿಗೆ ದನಿ ಕೊಡುತ್ತಾಳೆ. ಮಕ್ಕಳು ತಾಳ ಹಾಕುತ್ತ ಕಲಿಯುತ್ತಾರೆ. ಬಂಗಾರಕ್ಕ ಕ್ಯಾತನನ್ನು ಬೈಯುವಾಗ ಪರದೆಯ ಹಿಂದೆ ಹೆಂಡತಿಯೇ ಗಂಡನನ್ನು ಬೈಯುತ್ತಿರುತ್ತಾಳೆ. ಆ ಜಗಳಕ್ಕೆ ಬರುವ ಕಸುವಿನ ಗುಟ್ಟು ಇದು.

ಟಿ.ವಿ.ಯವರು ಸೀಸನ್ ಎನ್ನುತ್ತಾರಲ್ಲ, ಇವರದು ನಿಜವಾಗಿಯೂ ಋತುವೇ. ಸುಗ್ಗಿ ಮುಗಿದು ಕಣ ಖಾಲಿಯಾದಾಗ ಗೊಂಬೆಯ ಪೆಟ್ಟಿಗೆ ಹೊತ್ತು ಹೊರಟರೆ ಮುಂಗಾರಿನವರೆಗೆ ಊರೂರು. ಸಂಭಾವನೆ ಕಾಳುಕಡಿಯ ರೂಪದಲ್ಲಿ. ಮಳೆಗಾಲದಲ್ಲಿ ಹೊಳೆ, ಕೆರೆಗಳಲ್ಲಿ ಮೀನು ಹಿಡಿಯುವುದು, ಹೆಂಗಸರು ಹಚ್ಚೆ ಹಾಕುವುದು. ಮಳೆ ಕೈಕೊಟ್ಟರೆ ಊರವರೇ ಕರೆಸಿ ವಿರಾಟ ಪರ್ವ ಆಡಿಸುತ್ತಿದ್ದರು; ದನಗಳಿಗೆ ರೋಗ ಬಂದರೂ ಆಟವೇ ಮದ್ದು.

ಈ ಕಲೆಯನ್ನು ಉಳಿಸಿದ ಕೆಲವರನ್ನು ನೆನೆಯಲೇಬೇಕು. ಚಿತ್ರಕಲಾ ಪರಿಷತ್ತಿನ ಎಂ.ಎಸ್. ನಂಜುಂಡರಾವ್ ಹಳ್ಳಿ ಸುತ್ತಿ ಗೊಂಬೆಗಳನ್ನು ಕೂಡಿಹಾಕಿದರು, ಅವುಗಳ ಮೇಲೆ ಗ್ರಂಥ ಬರೆದರು. ಬೆಂಗಳೂರಿಗೆ ಹೋದವರು ಪರಿಷತ್ತಿನ ಸಂಗ್ರಹಾಲಯದಲ್ಲಿ ಅವನ್ನು ನೋಡಬಹುದು. ಬಳ್ಳಾರಿಯ ಬೆಳಗಲ್ಲು ವೀರಣ್ಣ ರಂಗಭೂಮಿಯಿಂದ ಬಂದವರು. ಗಾಂಧೀಜಿಯನ್ನೂ ಸ್ವಾತಂತ್ರ್ಯ ಸಂಗ್ರಾಮವನ್ನೂ ತೊಗಲಿನ ಮೇಲೆ ತಂದು ಈ ಆಟಕ್ಕೆ ಹೊಸ ಪ್ರೇಕ್ಷಕರನ್ನು ಕೊಟ್ಟರು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ನಾವು ಅವರನ್ನು ಕಳೆದುಕೊಂಡೆವು.

ಇನ್ನು ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ. ಹದಿನಾಲ್ಕನೆಯ ವಯಸ್ಸಿಗೆ ಗೊಂಬೆ ಹಿಡಿದ ಹೆಣ್ಣುಮಗಳು. ಮೋರನಾಳದಿಂದ ಅಮೆರಿಕ, ಯುರೋಪಿನವರೆಗೆ ಪರದೆ ಕಟ್ಟಿ ಆಡಿದವರು. 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರಿಗೆ 96 ವರ್ಷ. ಎಂಟು ದಶಕದ ದುಡಿಮೆಗೆ ಆ ಗೌರವ ಬಹಳ ತಡವಾಗಿ ಬಂತು ಎಂದೇ ನನಗೆ ಅನಿಸುತ್ತದೆ.

ನಮ್ಮ ಕಡೆ ಜಾತ್ರೆಗಳಿಗೆ ಕೊರತೆಯಿಲ್ಲ. ನಾಲವಾರದ ಕೋರಿಸಿದ್ಧೇಶ್ವರನ ಜಾತ್ರೆಗೆ ಎಷ್ಟು ಜನ ಸೇರುತ್ತಾರೆಂಬುದನ್ನು ವಾಡಿ ರಾಯಚೂರು ರೈಲಿನಲ್ಲಿ ಓಡಾಡುವವರನ್ನೇ ಕೇಳಿ. ಚಿತ್ತಾಪುರ, ಸೇಡಂ, ಚಿಂಚೋಳಿಯ ಜಾತ್ರಾ ಸಮಿತಿಯವರಲ್ಲಿ, ಶಾಲೆಯ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಆರ್ಕೆಸ್ಟ್ರಾಕ್ಕೆ ತೆಗೆದಿಟ್ಟ ಹಣದಲ್ಲಿ ಒಂದು ಪಾಲು ಇಟ್ಟು, ಈ ಸಲ ಒಂದು ರಾತ್ರಿ ತೊಗಲು ಗೊಂಬೆಯ ಮೇಳವೊಂದನ್ನು ಕರೆಸಿ. ಮಕ್ಕಳನ್ನು ಪರದೆಯ ಮುಂದೆ ಕೂರಿಸಿ, ಆಟ ಮುಗಿದ ಮೇಲೆ ಪರದೆಯ ಹಿಂದಕ್ಕೂ ಕರೆದುಕೊಂಡು ಹೋಗಿ ಕ್ಯಾತನನ್ನು ಕೈಗೆ ಕೊಡಿಸಿ. ಅಕ್ಕನ ಅತ್ತೆ ಈಗಾಗಲೇ ಹೇಳಿಬಿಟ್ಟಿದ್ದಾರೆ, ಆಟ ಗೊತ್ತಾದರೆ ತಾವೂ ಬರುವುದಾಗಿ.