ದುರ್ಗದ ಮೌನಕ್ಕೆ ದನಿಯಾದ ಬಾಲಮುರಳಿ

ಬೆಂಗಳೂರಿನಿಂದ ಉತ್ತರಕ್ಕೆ ಹೊರಟ ಪ್ರಯಾಣಿಕನಿಗೆ ಹಿರಿಯೂರನ್ನು ದಾಟಿದ ಮೇಲೆ, ಬಯಲ ಅಂಚಿನಲ್ಲಿ ಬಂಡೆಗಳ ಬೆಟ್ಟಗಳು ಒಂದೊಂದಾಗಿ ಕಾಣಿಸಿಕೊಳ್ಳತೊಡಗುತ್ತವೆ. ಹೊಸದುರ್ಗದಿಂದ ಹೊರಟು ಹೊಳಲ್ಕೆರೆಯ ಮಾರ್ಗವಾಗಿ ಬರುವವನಿಗೂ ಕಡೆಗೆ ಎದುರಾಗುವುದು ಅದೇ ಬೆಟ್ಟ, ಅದೇ ಏಳು ಸುತ್ತಿನ ಕೋಟೆ. ಮದಕರಿ ನಾಯಕನ ಪರಾಕ್ರಮವನ್ನೂ ಓಬವ್ವನ ಒನಕೆಯ ಕಥೆಯನ್ನೂ ಕೇಳದ ಮಗು ಈ ಸೀಮೆಯಲ್ಲಿ ಇರಲಾರದು. ಆದರೆ ಚಿತ್ರದುರ್ಗದ ಕಥೆಗಳಲ್ಲಿ ಇನ್ನೊಬ್ಬ ವೀರನಿದ್ದಾನೆ. ಅವನ ಕೈಯಲ್ಲಿದ್ದುದು ಖಡ್ಗವಲ್ಲ, ತಂಬೂರಿ. ಅವನ ಹೆಸರು ಭೈರವಿ ವೆಂಕಟಸುಬ್ಬಯ್ಯ.

ಭೈರವಿ ರಾಗದಲ್ಲಿ ಅಸಮಾನನೆನಿಸಿದ ಈ ಗಾಯಕ, ಪ್ರಭುವಿನ ಆಜ್ಞೆಗೆ ತಲೆಬಾಗಿ ಹಾಡಲೊಪ್ಪದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡನೆಂಬುದು ಕಥೆ. ದುರ್ಗದ ಇತಿಹಾಸವನ್ನು ಕಾದಂಬರಿಗಳಲ್ಲಿ ಮತ್ತೆ ಜೀವಂತಗೊಳಿಸಿದ ತ. ರಾ. ಸುಬ್ಬರಾಯರು ಈ ಕಥೆಯನ್ನು 'ಹಂಸಗೀತೆ'ಯಾಗಿ ಬರೆದರು. 1956ರಲ್ಲಿ ಅದು 'ಬಸಂತ್ ಬಹಾರ್' ಎಂಬ ಹಿಂದಿ ಚಿತ್ರಕ್ಕೆ ಆಧಾರವಾಯಿತು. ಕನ್ನಡದ ಕಥೆ ಕನ್ನಡದ ತೆರೆಗೆ ಬಂದದ್ದು ಬಹಳ ತಡವಾಗಿ, 1975ರಲ್ಲಿ, ಜಿ. ವಿ. ಅಯ್ಯರ್ ಅವರ ನಿರ್ದೇಶನದಲ್ಲಿ.

ಚಿತ್ರ ತೆಗೆಯುವವರಿಗೆ ಇಲ್ಲೊಂದು ಕಠಿಣ ಪ್ರಶ್ನೆಯಿತ್ತು. ಪ್ರಾಣಕ್ಕಿಂತ ಗಾನವೇ ದೊಡ್ಡದೆಂದು ಬಗೆದವನ ಕಂಠ ಹೇಗಿರಬೇಕು? ಆ ಪ್ರಶ್ನೆಗೆ ಉತ್ತರವಾಗಿ ಬಂದವರು ಕನ್ನಡಿಗರಲ್ಲ. ಗೋದಾವರಿಯ ಸೀಮೆಯಲ್ಲಿ ಹುಟ್ಟಿ ಮದರಾಸಿನಲ್ಲಿ ನೆಲೆಸಿದ್ದ ಮಂಗಳಂಪಲ್ಲಿ ಬಾಲಮುರಳಿಕೃಷ್ಣ.

ಬಾಲಕನಿಗೆ ಬಂದ ಹೆಸರು

ಬಾಲಮುರಳಿಯವರು ಜನಿಸಿದ್ದು 1930ರ ಜುಲೈ 6ರಂದು, ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ಶಂಕರಗುಪ್ತದಲ್ಲಿ. ತಂದೆ ಪಟ್ಟಾಭಿರಾಮಯ್ಯ ಸಂಗೀತಗಾರರು. ತಾಯಿ ಸೂರ್ಯಕಾಂತಮ್ಮ ವೀಣೆ ನುಡಿಸುತ್ತಿದ್ದರು. ಕೂಸು ಇನ್ನೂ ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡರು. ತಾಯಿಯ ಮುಖವನ್ನರಿಯದ ಮಗುವಿಗೆ ತಂದೆ ಕೊಡಬಹುದಾಗಿದ್ದ ದೊಡ್ಡ ಆಸ್ತಿ ಸಂಗೀತ. ಅದನ್ನವರು ಧಾರಾಳವಾಗಿ ಕೊಟ್ಟರು. ಹುಡುಗನನ್ನು ಪಾರುಪಲ್ಲಿ ರಾಮಕೃಷ್ಣಯ್ಯ ಪಂತುಲು ಅವರ ಬಳಿ ಶಿಷ್ಯನಾಗಿ ಬಿಟ್ಟರು.

ಪಂತುಲು ಅವರದು ತ್ಯಾಗರಾಜರ ಶಿಷ್ಯಪರಂಪರೆ. ಆ ಪರಂಪರೆಯಲ್ಲಿ ತ್ಯಾಗರಾಜರ ನೇರ ಶಿಷ್ಯರಾಗಿದ್ದವರು ಮಾನಂಬುಚಾವಡಿ ವೆಂಕಟಸುಬ್ಬಯ್ಯನವರು. ಮುಂದೆ ಇನ್ನೊಬ್ಬ ವೆಂಕಟಸುಬ್ಬಯ್ಯನಿಗಾಗಿ ಹಾಡಬೇಕಾಗಿದ್ದ ಹುಡುಗ ಹೀಗೆ ಮೊದಲೇ ಆ ಹೆಸರಿನ ನೆರಳಿನಲ್ಲಿ ಬೆಳೆದನೆಂಬುದು ಕಾಕತಾಳೀಯವಾದರೂ ಸೊಗಸಾದ ಸಂಗತಿ.

ಎಂಟನೆಯ ವಯಸ್ಸಿನಲ್ಲಿ ವಿಜಯವಾಡದ ಆರಾಧನೋತ್ಸವದಲ್ಲಿ ಮುರಳಿಕೃಷ್ಣನ ಕಚೇರಿ ನಡೆಯಿತು. ಕೇಳಿದ ಹರಿಕಥಾ ವಿದ್ವಾಂಸರಾದ ಮುಸುನೂರಿ ಸೂರ್ಯನಾರಾಯಣಮೂರ್ತಿ ಭಾಗವತರು ಸಂತೋಷಗೊಂಡು ಹುಡುಗನ ಹೆಸರಿನ ಹಿಂದೆ 'ಬಾಲ' ಎಂಬುದನ್ನು ಸೇರಿಸಿದರಂತೆ. ಬಾಲ್ಯ ಕಳೆದರೂ ಆ ಮಾತು ಹೆಸರಿಗಂಟಿಕೊಂಡೇ ಉಳಿಯಿತು. ಹದಿಹರೆಯದಲ್ಲಿಯೇ 72 ಮೇಳಕರ್ತ ರಾಗಗಳಲ್ಲಿಯೂ ಕೃತಿ ರಚಿಸಿದ ವಾಗ್ಗೇಯಕಾರರಿವರು. ಹಾಡುವುದರ ಜೊತೆಗೆ ವಯೋಲ, ಮೃದಂಗ, ಖಂಜೀರಗಳಲ್ಲಿಯೂ ಕೈ ಪಳಗಿತ್ತು.

ತೆರೆಯ ಹಿಂದೆ, ತೆರೆಯ ಮೇಲೆ

ಶಾಸ್ತ್ರೀಯ ಸಂಗೀತದ ವಿದ್ವಾಂಸರು ಚಲಚ್ಚಿತ್ರದ ಬಾಗಿಲಲ್ಲಿ ಕಾಲಿಡಲು ಹಿಂಜರಿಯುತ್ತಿದ್ದ ಕಾಲವದು. ಬಾಲಮುರಳಿಯವರಿಗೆ ಆ ಹಿಂಜರಿಕೆಯಿರಲಿಲ್ಲ. 1963ರ ತೆಲುಗು ಚಿತ್ರ 'ನರ್ತನಶಾಲ'ದಲ್ಲಿ ಎನ್. ಟಿ. ರಾಮರಾಯರ ಬೃಹನ್ನಳೆಗೆ ಅವರದೇ ಕಂಠ. 1964ರ ತಮಿಳಿನ 'ಕಲೈಕೋವಿಲ್' ಚಿತ್ರದಲ್ಲಿ ಅವರು ಪಿ. ಸುಶೀಲ ಅವರೊಡನೆ ಹಾಡಿದ ಆಭೋಗಿ ರಾಗದ ಗೀತೆ ಮನೆಮಾತಾಯಿತು. ಮರುವರ್ಷ 'ತಿರುವಿಳೈಯಾಡಲ್' ಚಿತ್ರದಲ್ಲಿ ಹೇಮನಾಥ ಭಾಗವತರೆಂಬ ಗರ್ವಿಷ್ಠ ಗಾಯಕನಿಗೆ ಅವರು ದನಿಯಾದರು. ನಟ ಟಿ. ಎಸ್. ಬಾಲಯ್ಯನವರ ಮುಖದ ದರ್ಪಕ್ಕೆ ಬಾಲಮುರಳಿಯವರ ರಾಗಮಾಲಿಕೆ ಸೇರಿದಾಗ, ಸೋಲಲಿರುವ ಪಾತ್ರದ ಹಾಡೇ ಚಿತ್ರದ ಸೊಬಗುಗಳಲ್ಲೊಂದಾಯಿತು. 1977ರ 'ಕವಿಕ್ಕುಯಿಲ್' ಚಿತ್ರಕ್ಕಾಗಿ ಇಳಯರಾಜರ ನಿರ್ದೇಶನದಲ್ಲಿ ಅವರು ಹಾಡಿದ ರೀತಿಗೌಳವನ್ನು ತಮಿಳು ರಸಿಕರು ಮರೆತಿಲ್ಲ.

1967ರಲ್ಲಿ ಎ.ವಿ.ಎಂ. ಸಂಸ್ಥೆಯ 'ಭಕ್ತ ಪ್ರಹ್ಲಾದ' ಬಂದಿತು. ಅದರಲ್ಲಿ ನಾರದನಾಗಿ ತೆರೆಯ ಮೇಲೆ ಬಂದವರು ಸ್ವತಃ ಬಾಲಮುರಳಿ. ಹಾಡುವವನೊಬ್ಬ, ತುಟಿಯಾಡಿಸುವವನೊಬ್ಬ ಎಂಬ ಸಿನಿಮಾ ಪದ್ಧತಿಯಲ್ಲಿ, ಮುಖವೂ ದನಿಯೂ ಒಬ್ಬರದೇ ಆದ ಅಪೂರ್ವ ಸಂದರ್ಭವಿದು. ಮುಂದೆ 1984ರಲ್ಲಿ 'ಸಂಧ್ಯಕ್ಕೆಂತಿನು ಸಿಂದೂರಂ' ಎಂಬ ಮಲೆಯಾಳಂ ಚಿತ್ರದಲ್ಲಿಯೂ ಅವರು ಅಭಿನಯಿಸಿದರು. ನಟರಾಗಿ ಅವರ ಪಾತ್ರಗಳು ಕೆಲವೇ. ಆದರೂ ನಾರದನ ವೇಷದ ಆ ತುಂಬುಮುಖದ ನಗೆಯನ್ನು ಕಂಡವರು ಅದನ್ನು ನೆನಪಿನಲ್ಲಿಟ್ಟುಕೊಂಡಿದ್ದಾರೆ.

ನಾರದನ ವೀಣೆಯ ಹೆಸರು ಮಹತಿ. ಬಾಲಮುರಳಿಯವರು ನಾಲ್ಕೇ ಸ್ವರಗಳಿಂದ ರೂಪಿಸಿದ ರಾಗಕ್ಕೂ ಅದೇ ಹೆಸರು. ಲವಂಗಿ, ಸುಮುಖಂ ಮೊದಲಾದ ರಾಗಗಳೂ ಹೀಗೆಯೇ ಹುಟ್ಟಿದವು. ಐದು ಸ್ವರಗಳಿಗಿಂತ ಕಡಿಮೆಯಾದರೆ ಅದನ್ನು ರಾಗವೆನ್ನಬಹುದೆ ಎಂದು ಸಂಪ್ರದಾಯಸ್ಥರು ಕೇಳಿದರು. ವೀಣೆಯ ವಿದ್ವಾಂಸರಾದ ಎಸ್. ಬಾಲಚಂದರ್ ಅವರಂತೂ ಕಟುವಾಗಿಯೇ ವಿರೋಧಿಸಿದರು. ಅವರೂ ಒಂದು ಕಾಲಕ್ಕೆ ತಮಿಳು ಚಿತ್ರಗಳ ನಟರೂ ಸಂಗೀತ ನಿರ್ದೇಶಕರೂ ಆಗಿದ್ದವರೆಂಬುದು ಗಮನಾರ್ಹ. ಅತ್ತ ವಿದ್ವಾಂಸರ ವಾದ ಬೆಳೆಯುತ್ತಿರಲಾಗಿ, ಇತ್ತ 1975ರ 'ಅಪೂರ್ವ ರಾಗಂಗಳ್' ಚಿತ್ರದ ಗೀತೆಯೊಂದರ ಮೂಲಕ ಮಹತಿ ಸಾಮಾನ್ಯ ಶ್ರೋತೃಗಳ ಕಿವಿಯನ್ನೂ ಸೇರಿತು.

ದುರ್ಗದ ಕಥೆಗೆ ದೊರೆತ ಕಂಠ

ಕನ್ನಡಕ್ಕೆ ಈ ಕಂಠ ಹೊಸದಾಗಿರಲಿಲ್ಲ. ಅ. ನ. ಕೃಷ್ಣರಾಯರ ಕಾದಂಬರಿಯನ್ನಾಧರಿಸಿ 1966ರಲ್ಲಿ ತೆರೆಕಂಡ 'ಸಂಧ್ಯಾರಾಗ'ದಲ್ಲಿ ಭೀಮಸೇನ ಜೋಶಿಯವರೂ ಬಾಲಮುರಳಿಯವರೂ ಹಾಡಿದ್ದರು. ಆದರೆ 'ಹಂಸಗೀತೆ'ಯ ಹೊಣೆ ಅದಕ್ಕಿಂತ ಹಿರಿದು. ಅಲ್ಲಿ ಸಂಗೀತವು ಕಥೆಯ ಅಲಂಕಾರವಲ್ಲ, ಕಥೆಯ ಪ್ರಾಣ. ಬಿ. ವಿ. ಕಾರಂತರೊಡನೆ ಸಂಗೀತದ ಹೊಣೆಯನ್ನು ಹಂಚಿಕೊಂಡ ಬಾಲಮುರಳಿಯವರು, ವೆಂಕಟಸುಬ್ಬಯ್ಯನ ಪಾತ್ರ ವಹಿಸಿದ ಅನಂತನಾಗ್ ಅವರಿಗೆ ಕಂಠವಾದರು. ನಾಲಗೆ ಕಳೆದುಕೊಂಡವನ ಕಥೆಯನ್ನು ನೋಡಿ ಹೊರಬಂದ ಪ್ರೇಕ್ಷಕನ ಕಿವಿಯಲ್ಲಿ ಉಳಿದದ್ದು ಆ ನಾಲಗೆಯ ಗಾನವೇ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ 'ಹಂಸಗೀತೆ'ಗೆ ಬಂದಿತು. ಅತ್ಯುತ್ತಮ ಹಿನ್ನೆಲೆ ಗಾಯಕರೆಂಬ ಗೌರವ ಬಾಲಮುರಳಿಯವರಿಗೆ.

ಅಯ್ಯರ್ ಅವರೊಡನೆ ಬೆಳೆದ ಸ್ನೇಹ ಅಲ್ಲಿಗೆ ಮುಗಿಯಲಿಲ್ಲ. ಸಂಸ್ಕೃತದ ಮೊದಲ ಕಥಾಚಿತ್ರವಾದ 1983ರ 'ಆದಿ ಶಂಕರಾಚಾರ್ಯ'ಕ್ಕೆ ಸಂಗೀತ ನೀಡಿದವರು ಬಾಲಮುರಳಿ. ಅನಂತರ ಕನ್ನಡದ 'ಮಧ್ವಾಚಾರ್ಯ' ಅವರಿಗೆ 1986ರ ಅತ್ಯುತ್ತಮ ಸಂಗೀತ ನಿರ್ದೇಶಕರೆಂಬ ರಾಷ್ಟ್ರಪ್ರಶಸ್ತಿ ತಂದಿತು. ಮರುವರ್ಷ ಮಲೆಯಾಳದಲ್ಲಿ 'ಸ್ವಾತಿ ತಿರುನಾಳ್' ಬಂದಾಗ, ತಿರುವಾಂಕೂರಿನ ಆ ಗಾನಪ್ರಿಯ ಅರಸನ ಪಾತ್ರ ವಹಿಸಿದವರು ಮತ್ತೆ ನಮ್ಮ ಅನಂತನಾಗ್. ಆ ಚಿತ್ರದ ಗಾಯನಕ್ಕಾಗಿ ಕೇರಳ ರಾಜ್ಯಪ್ರಶಸ್ತಿ ಪಡೆದವರು ಮತ್ತೆ ಬಾಲಮುರಳಿ. ದುರ್ಗದ ಗಾಯಕನ ಕಥೆಯಲ್ಲಿ ಕೂಡಿದವರು ಕೇರಳದ ಅರಸನ ಕಥೆಯಲ್ಲಿಯೂ ಹೀಗೆ ಕೂಡಿದರು.

ಹಾಡಲಾರೆನೆಂಬ ಮಾತು

ಕಲಾವಿದನಿಗೆ ಹಾಡುವ ಹಕ್ಕಿರುವಂತೆ ಹಾಡದಿರುವ ಹಕ್ಕೂ ಉಂಟು ಎಂಬುದು ವೆಂಕಟಸುಬ್ಬಯ್ಯನ ಕಥೆಯ ತಿರುಳು. ಚಿತ್ರ ಮುಗಿದ ಕೆಲವು ವರ್ಷಗಳಲ್ಲಿಯೇ ಆ ಮಾತು ಬಾಲಮುರಳಿಯವರ ಬಾಳಿನ ಬಾಗಿಲಿಗೂ ಬಂದಿತು. 1983ರಲ್ಲಿ ಎನ್. ಟಿ. ರಾಮರಾಯರು ಆಂಧ್ರಪ್ರದೇಶದ ಮುಖ್ಯಮಂತ್ರಿಗಳಾದರು. ಅವರ ಸರ್ಕಾರವು ಕಲೆ ಮತ್ತು ಸಾಹಿತ್ಯದ ಅಕಾಡೆಮಿಗಳನ್ನು ರದ್ದುಗೊಳಿಸಿದಾಗ, ಬಾಲಮುರಳಿಯವರು ಪ್ರತಿಭಟಿಸಿ ತಮ್ಮ ಹುಟ್ಟುನಾಡಿನಲ್ಲಿ ಹಾಡುವುದನ್ನೇ ನಿಲ್ಲಿಸಿದರು. ಇಪ್ಪತ್ತು ವರ್ಷಗಳ ಹಿಂದೆ ಯಾರ ಬೃಹನ್ನಳೆಗೆ ಕಂಠವಿತ್ತಿದ್ದರೋ ಅವರ ಆಳ್ವಿಕೆಯ ನೆಲದಲ್ಲಿ ಆ ಕಂಠ ಮೌನ ತಾಳಿತು.

ದುರ್ಗದ ಗಾಯಕನ ಮೌನ ಶಾಶ್ವತವಾಗಿತ್ತು. ಬಾಲಮುರಳಿಯವರದು ಹಾಗಲ್ಲ; ಕಾಲಾಂತರದಲ್ಲಿ ಮುನಿಸು ಕರಗಿ ಅವರು ಮತ್ತೆ ತಾಯ್ನಾಡಿನಲ್ಲಿ ಹಾಡಿದರು. ಪ್ರಜಾಪ್ರಭುತ್ವದ ಕಾಲದಲ್ಲಿ ಗಾಯಕನು ತನ್ನ ಸ್ವಾಭಿಮಾನಕ್ಕಾಗಿ ನಾಲಗೆಯನ್ನು ಬಲಿಕೊಡಬೇಕಾಗಿಲ್ಲ, ನಾಲ್ಕು ದಿನ ಅದನ್ನು ಬಿಗಿಹಿಡಿದರೆ ಸಾಕು ಎಂಬುದೇ ನಾವು ಪಡೆದ ಭಾಗ್ಯ.

1991ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿಕೊಂಡು ಬಂದಿತು. 2016ರ ನವೆಂಬರ್ 22ರಂದು ಚೆನ್ನೈಯಲ್ಲಿ ಅವರು ಕಾಲವಾದರು. ವೆಂಕಟಸುಬ್ಬಯ್ಯನ ಭೈರವಿ ಹೇಗಿತ್ತೆಂದು ಹೇಳಬಲ್ಲವರು ಇಂದು ಯಾರೂ ಇಲ್ಲ. ಅದು ಕೋಟೆಯ ಕಲ್ಲುಗಳೊಳಗೆ ಅಡಗಿಹೋಯಿತು. ಆದರೆ ಹಿರಿಯೂರಿನಲ್ಲೋ ಹೊಳಲ್ಕೆರೆಯಲ್ಲೋ ಸಂಜೆಯ ಹೊತ್ತು ಒಂದು ಮನೆಯಲ್ಲಿ 'ಹಂಸಗೀತೆ'ಯ ಹಾಡು ಕೇಳಿಬಂದರೆ, ದುರ್ಗದ ಆ ಮೌನಿಗೆ ಗೋದಾವರಿಯ ಮಗನೊಬ್ಬ ಕೊಟ್ಟ ದನಿ ಇನ್ನೂ ಆರಿಲ್ಲವೆಂದು ತಿಳಿಯಬೇಕು.