ದಾರಿಯಲ್ಲಿ ನಿಂತ ಸಂತ



ಡಿಸೆಂಬರ್ 3ರಂದು ಧರ್ಮಸಭೆಯು ಸಂತ ಫ್ರಾನ್ಸಿಸ್ ಝೇವಿಯರ್‌ರವರ ಹಬ್ಬವನ್ನು ಆಚರಿಸುತ್ತದೆ. ಹತ್ತೇ ವರ್ಷಗಳಲ್ಲಿ ಗೋವೆಯಿಂದ ಜಪಾನಿನವರೆಗೆ ಸಂಚರಿಸಿದ ಇವರನ್ನು ನಾವು ದಣಿವರಿಯದ ಪಯಣಿಗರೆಂದೇ ಬಲ್ಲೆವು. ಆದರೆ ಅವರ ದಾರಿಯಲ್ಲೂ ತಡೆಗಳಿದ್ದವು. ಅವುಗಳಲ್ಲಿ ಎರಡನ್ನು ಧ್ಯಾನಿಸೋಣ.

ಮೊದಲನೆಯದು ಮೊಜಾಂಬಿಕ್. 1541ರ ಏಪ್ರಿಲ್ 7ರಂದು, ತಮ್ಮ 35ನೆಯ ಹುಟ್ಟುಹಬ್ಬದ ದಿನವೇ, ಅವರು ಲಿಸ್ಬನ್ನಿನಿಂದ ಹಡಗು ಹತ್ತಿದರು. ಅದು ಹಾಯಿಹಡಗುಗಳ ಕಾಲ. ಆಫ್ರಿಕಾದ ಪೂರ್ವ ಕರಾವಳಿಯಿಂದ ಭಾರತಕ್ಕೆ ಬರಲು ನೈಋತ್ಯ ಮುಂಗಾರಿನ ಗಾಳಿ ಬೇಕು. ಅದು ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಅವರ ಹಡಗು ಮೊಜಾಂಬಿಕ್ ತಲಪುವಾಗ ಆಗಸ್ಟ್ ಮುಗಿಯುತ್ತಿತ್ತು. ಸುಮಾರು ಆರು ತಿಂಗಳು ಅಲ್ಲೇ ಉಳಿಯಬೇಕಾಯಿತು. ಜೊತೆಯ ಪ್ರಯಾಣಿಕರಲ್ಲಿ ಅನೇಕರು ಕಾಯಿಲೆ ಬಿದ್ದರು. 'ಗೋವೆ ಸಿಗಲಿ, ಆಮೇಲೆ ಸೇವೆ' ಎಂದು ಝೇವಿಯರ್‌ರವರು ಕಾಯಲಿಲ್ಲ. ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆಗೆ ನಿಂತರು. ಕೊನೆಗೆ ತಾವೂ ಜ್ವರದಿಂದ ಮಲಗಿದರು. ಗೋವೆ ತಲಪಿದ್ದು 1542ರ ಮೇ 6ರಂದು.

ಎರಡನೆಯದು ಚೀನಾ ತೀರದ ಸಾಂಚಿಯನ್ ದ್ವೀಪ. 1552ರಲ್ಲಿ ಚೀನಾಕ್ಕೆ ಶುಭಸಂದೇಶ ಒಯ್ಯಬೇಕೆಂದು ಹೊರಟವರು ಅಲ್ಲಿ ನಿಂತರು. ವಿದೇಶಿಯರಿಗೆ ಚೀನಾ ಪ್ರವೇಶ ನಿಷಿದ್ಧವಾಗಿತ್ತು. ಗುಟ್ಟಾಗಿ ದಾಟಿಸುವೆನೆಂದ ವ್ಯಾಪಾರಿಯ ದೋಣಿ ಬರಲೇ ಇಲ್ಲ. ಜ್ವರ ಹಿಡಿಯಿತು. ಡಿಸೆಂಬರ್ 3ರಂದು, 46ನೆಯ ವಯಸ್ಸಿನಲ್ಲಿ, ಅಲ್ಲೇ ಪ್ರಾಣಬಿಟ್ಟರು. ಚೀನಾದ ನೆಲ ಕೆಲವೇ ಮೈಲಿ ದೂರದಲ್ಲಿತ್ತು.

ಪ್ರಾರ್ಥಿಸಿದರೆ ಮುಚ್ಚಿದ ಬಾಗಿಲೆಲ್ಲ ತೆರೆಯುತ್ತದೆ ಎಂದು ಈ ದ್ವೀಪದ ಮುಂದೆ ನಿಂತು ಹೇಳಲಾಗದು. ಅವರ ಪಾಲಿಗೆ ಅದು ತೆರೆಯಲಿಲ್ಲ. ಆದರೆ ಅದೇ ವರ್ಷದ ಅಕ್ಟೋಬರ್ 6ರಂದು ಇಟಲಿಯಲ್ಲಿ ಮತ್ತೆಯೊ ರಿಚ್ಚಿ ಎಂಬ ಕೂಸು ಹುಟ್ಟಿತ್ತು. ಮುಂದೆ ಯೇಸುಸಭೆಯ ಗುರುವಾಗಿ ಆತ 1583ರಲ್ಲಿ ಚೀನಾ ಪ್ರವೇಶಿಸಿದರು. ಝೇವಿಯರ್‌ರವರಿಗೆ ಇದು ತಿಳಿಯಲೇ ಇಲ್ಲ.

ನಮ್ಮ ಮನೆಗಳಲ್ಲೂ ಗೊತ್ತಾದ ಮದುವೆ ನಿಂತುಹೋಗುತ್ತದೆ. ಗಲ್ಫಿಗೆ ಹೊರಟ ಮಗನಿಗೆ ವೀಸಾ ಸಿಗುವುದಿಲ್ಲ. ದುಡಿಯುವ ಅಪ್ಪ ಹಾಸಿಗೆ ಹಿಡಿಯುತ್ತಾರೆ. ಆಗ 'ಎಲ್ಲ ಒಳ್ಳೆಯದಕ್ಕೇ' ಎಂಬ ಬಾಯಿಮಾತು ಸಾಲದು. ಈ ಸಂತರ ಬದುಕು ನಮ್ಮೆದುರು ಎರಡು ಪ್ರಶ್ನೆಗಳನ್ನಿಡುತ್ತದೆ: ನಾನು ನಿಂತಿರುವ ಈ ಜಾಗದಲ್ಲಿ ನನ್ನ ಆರೈಕೆ ಬೇಕಾದವರು ಯಾರು? ನನ್ನಿಂದ ಮುಗಿಯದ ಕೆಲಸವನ್ನು ದೇವರ ಕೈಗೊಪ್ಪಿಸಬಲ್ಲೆನೇ? ಹಬ್ಬದ ಪೂಜೆಯಲ್ಲಿ ಇವೆರಡನ್ನೂ ಪೀಠದ ಮುಂದಿಡೋಣ.

ಸಂತ ಫ್ರಾನ್ಸಿಸ್ ಝೇವಿಯರ್‌ರವರೇ, ನಮಗಾಗಿ ಪ್ರಾರ್ಥಿಸಿರಿ.